ಚಿಕ್ಕಲಕ್ಷ್ಮಮ್ಮನ ಸ್ಟೇಟಸ್ಸು

ಭಾನುಪ್ರಿಯ ಕಾಲೇಜಿಗೆ ಹೋಗದೆ ಅಂದಿಗೆ ಐದು ದಿನವಾಗಿತ್ತು. ಮೊದಲು ಹೊಟ್ಟೆನೋವು ಎಂದಳು, ಆಮೇಲೆ ತಲೆನೋವು ಎಂದಳು, ಆಮೇಲೆ ಏನೂ ಅನ್ನದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅವಳ ಅಮ್ಮ ಚಿಕ್ಕಲಕ್ಷ್ಮಮ್ಮನಿಗೆ ಕೂತು ವಿಚಾರಿಸುವಷ್ಟು ಪುರುಸೊತ್ತಾದರೂ ಎಲ್ಲಿತ್ತು? ಹಿತ್ತಲ ಹುಳದ ಮನೆಯಲ್ಲಿ ರೇಷ್ಮೆಹುಳಗಳು ಕೊನೆಯ ಪೊರೆ ಬಿಟ್ಟು ಬಕಾಸುರನ ಹಾಗೆ ಮೇಯುತ್ತಿದ್ದವು. ಗಂಡ ನಟರಾಜು ಕೊಯ್ದು ತಂದ ಸೊಪ್ಪು ತಂದಂತೆಯೇ ಖಾಲಿಯಾಗುತ್ತಿತ್ತು. ಹುಳಕ್ಕೆ ಹೊತ್ತು ಹೊತ್ತಿಗೆ ಉಣಿಸುವವಳು ಮಗಳು ಉಂಡಳೋ ಇಲ್ಲವೋ ನೋಡಲಿಲ್ಲ ಎಂದು ಯಾರಾದರೂ ಆಡಿಕೊಳ್ಳಬಹುದು. ಆದರೆ ರೇಷ್ಮೆ ಸಾಕಿದವರು ಯಾರೂ ಹಾಗೆ ಆಡಿಕೊಳ್ಳುವುದಿಲ್ಲ.

ಹುಡುಗಿ ಮಾಗಡಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಹೋದ ವಾರ ಕಾಲೇಜಿನಲ್ಲಿ ಅವಳದೊಂದು ಭಾಷಣವಿತ್ತು. ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುವ ಮಕ್ಕಳ ಬಗ್ಗೆ, ಅದೂ ದೇಶ ದೇಶಗಳ ಮಕ್ಕಳ ಬಗ್ಗೆ, ಯೋಗಾನಂದ ಮೇಷ್ಟ್ರು ಕೊಟ್ಟ ವಿಷಯ. ನಾಲ್ಕು ಹಾಳೆ ಬರೆದು, ಹುಳದ ಮನೆ ಬಾಗಿಲಲ್ಲಿ ನಿಂತು ಅಮ್ಮನಿಗೆ ಓದಿ ಓದಿ ಬಾಯಿಪಾಠ ಮಾಡಿದ್ದಳು. ಎಲ್ಲೋ ಸಮುದ್ರದಾಚೆ ಒಬ್ಬ ಹುಡುಗಿ ಇಂಥದ್ದಕ್ಕೇ ಶಾಲೆ ಬಿಟ್ಟಳು ಎಂಬ ಕಡೆ ಬಂದಾಗ ಚಿಕ್ಕಲಕ್ಷ್ಮಮ್ಮ, ಆ ಮಗೀಗೆ ಫೋನ್ ಆಫ್ ಮಾಡಕ್ಕೆ ಬರ್ತಿರಲಿಲ್ವಾ ಎಂದು ಕೇಳಿದ್ದಳು. ಭಾಷಣ ಹೇಗಾಯಿತೆಂದು ಆಮೇಲೆ ಕೇಳಿದಾಗ ಮಗಳು ಚೆನ್ನಾಗಾಯಿತು ಅಂದಿದ್ದಳು. ಅಷ್ಟೇ.

ಐದನೆಯ ದಿನ ಮಧ್ಯಾಹ್ನ ರಾಮನಗರದ ನಾದಿನಿ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದಳು. ಹಿಪ್ಪುನೇರಳೆ ಎಲೆಯ ಮೇಲೆ ಕೊಬ್ಬಿದ ರೇಷ್ಮೆಹುಳ, ಅದರ ಮೈಗೆ ಭಾನುಪ್ರಿಯಳ ಮುಖ, ಬಾಯಿ ಅರ್ಧ ತೆರೆದಿದೆ. ಚಿಕ್ಕಲಕ್ಷ್ಮಮ್ಮನಿಗೆ ಕಣ್ಣು ತುಂಬಿ ಬಂತು. ಹುಳವೆಂದರೆ ಆ ಮನೆಗೆ ಲಕ್ಷ್ಮಿ. ಸ್ನಾನ ಮಾಡದೆ ಅವಳು ಅದರ ತಟ್ಟೆ ಮುಟ್ಟಿದವಳಲ್ಲ. ಯಾರೋ ಪುಣ್ಯಾತ್ಮರು ಮಗಳನ್ನು ಆ ಲಕ್ಷ್ಮಿಯಲ್ಲೇ ಕಂಡಿದ್ದಾರೆ, ಭಾಷಣ ಅಷ್ಟು ಚೆನ್ನಾಗಿತ್ತು ಎಂದುಕೊಂಡಳು. ಹಬ್ಬಕ್ಕೆ ಹೂವಿನ ಚಿತ್ರ ಹಾಕುವ ಹಾಗೆಯೇ ಅದನ್ನು ಸ್ಟೇಟಸ್ಸಿಗೆ ಹಾಕಿ, ಸೊಪ್ಪು ಹಾಕಲು ಹೋದಳು.

ಸಂಜೆ ಭಾನುಪ್ರಿಯ ಅಮ್ಮನ ಫೋನು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ತುಟಿ ಬಿಳುಪೇರಿತ್ತು.

"ಅಮ್ಮ, ನೀನೂ ಹಾಕ್ಬುಟ್ಟಾ?"

"ಚೆಂದಾಗೈತೆ ಕಣೇ," ಎಂದಳು ಚಿಕ್ಕಲಕ್ಷ್ಮಮ್ಮ.

ಹುಡುಗಿ ಅಲ್ಲೇ ಕುಸಿದು ಕೂತು ಅತ್ತಳು. ಐದು ದಿನದ ಸಂಗತಿ ತುಂಡು ತುಂಡಾಗಿ ಹೊರಬಂತು. ವೇದಿಕೆ ಹತ್ತಿದಾಗ ಅವಳ ತುಟಿ ಅಲ್ಲಾಡಿತು, ಒಂದಕ್ಷರವೂ ಹೊರಡಲಿಲ್ಲ. ಹುಳ ಮೇಯ್ದ ಹಾಗೆ ಬಾಯಾಡಿಸಿದಳು ಎಂದು ನಕ್ಕರು, ರಾತ್ರಿಯೊಳಗೆ ಆ ಚಿತ್ರ ತಯಾರಾಯಿತು. ಈಗ ಅದು ಯಾವ್ಯಾವ ಕಾಲೇಜಿನವರ ಫೋನಿನಲ್ಲೆಲ್ಲ ಇದೆ. ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದ ಹುಡುಗರು ಅವಳನ್ನು ಕಂಡು ಬಾಯಾಡಿಸುತ್ತಾರೆ. ಇನ್ನು ಕಾಲೇಜು ಬೇಡ, ಪರೀಕ್ಷೆಯೂ ಬೇಡ. ತನ್ನ ಫೋನು ಆಫ್ ಮಾಡಿ ಪೆಟ್ಟಿಗೆಗೆ ಹಾಕಿದ್ದಳಂತೆ. ಈಗ ಆ ಚಿತ್ರ ಅಮ್ಮನ ಫೋನಿನಲ್ಲೇ ಎದ್ದು ಬಂದಿತ್ತು. ಅದನ್ನು ಮಾಡಿದವಳು ಪಕ್ಕದ ಮನೆಯ ಅಂಬುಜಮ್ಮನ ಮಗಳು, ಜೊತೆಯಲ್ಲೇ ಆಡಿ ಬೆಳೆದ ಶ್ವೇತ.

ಚಿಕ್ಕಲಕ್ಷ್ಮಮ್ಮನ ಮೈ ಉರಿದುಹೋಯಿತು. ನಾಳೆ ಬೆಳಿಗ್ಗೆ ಅಂಬುಜಮ್ಮನ ಅಂಗಳದಲ್ಲಿ ನಿಂತು ತಾಯಿ ಮಗಳಿಬ್ಬರ ಮಾನ ಹರಾಜು ಹಾಕುತ್ತೇನೆಂದು ಹಲ್ಲು ಕಚ್ಚಿದಳು. ಸ್ಟೇಟಸ್ ಅಳಿಸಲು ಫೋನು ತೆಗೆದರೆ, ನಲವತ್ತೊಂದು ಜನ ಆಗಲೇ ನೋಡಿದ್ದಾರೆ ಎಂದು ಅದು ತೋರಿಸಿತು. ಹೆಸರುಗಳನ್ನು ಒಂದೊಂದಾಗಿ ನೋಡಿದಳು. ಬೀಗರು, ಹಾಲಿನ ಡೈರಿಯವರು, ತವರಿನವರು. ಇವರಿಗೆ ಯಾರಿಗೂ ಶ್ವೇತ ತೋರಿಸಿರಲಿಲ್ಲ. ಆ ಯೋಚನೆ ಬಂದದ್ದೇ, ಉರಿಯುತ್ತಿದ್ದ ಮೈ ತಣ್ಣಗಾಯಿತು. ಹೆತ್ತವಳೇ ಡಂಗೂರ ಸಾರಿದ ಮೇಲೆ ಇನ್ನೊಬ್ಬರ ಅಂಗಳದಲ್ಲಿ ಏನೆಂದು ಕೂಗುವುದು?

ಬೆಳಗಾಗುವಷ್ಟರಲ್ಲಿ ಹುಳ ಹಣ್ಣಾಗಿ ನೂಲು ಬಿಡುವ ಹದಕ್ಕೆ ಬಂದಿತ್ತು. ಹಣ್ಣಾದ ಹುಳ ಯಾರ ಜಗಳವನ್ನೂ ಕಾಯುವುದಿಲ್ಲ. ಅಂದೇ ಆರಿಸಿ ಗೂಡು ಕಟ್ಟಲೆಂದೇ ಇರುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಕಸದಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತದೆ. ಅದಕ್ಕೇ ಅಕ್ಕಪಕ್ಕದವರು ಮುಯ್ಯಾಳು ಬರುವ ರೂಢಿ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಮಾತು ಬಿಟ್ಟವರೂ ಮುಯ್ಯಾಳು ತಪ್ಪಿಸುವುದಿಲ್ಲ. ಕಾಲು ತೊಳೆದುಕೊಂಡು ಅಂಬುಜಮ್ಮ ಬಂದಳು, ಎದುರು ಮನೆಯ ಅಖ್ತರಿ ಬಂದಳು. ಭಾನುವಾರವಾದ್ದರಿಂದ ಶ್ವೇತಳನ್ನೂ ಅವಳಮ್ಮ ಎಳೆದು ತಂದಿದ್ದಳು.

ಎಲ್ಲರೂ ತಟ್ಟೆಗಳ ಸುತ್ತ ಕೂತು ಹುಳ ಹೆಕ್ಕತೊಡಗಿದರು. ಆಮೇಲೆ ಅಂಬುಜಮ್ಮನೇ ಮಾತು ತೆಗೆದಳು. ಸ್ಟೇಟಸ್ಸಿನ ಚಿತ್ರ ಬಲು ಚೆನ್ನಾಗಿತ್ತಂತೆ, ತನ್ನ ತಂಗಿಗೂ ಕಳಿಸಿದಳಂತೆ. ತಾನೂ ಮಗಳ ಮನೆಗೆ ಕಳಿಸಿದೆ ಎಂದಳು ಅಖ್ತರಿ. ಶ್ವೇತಳ ತಲೆ ತಟ್ಟೆಯೊಳಕ್ಕೆ ಇಳಿದುಹೋಯಿತು. ಚಿಕ್ಕಲಕ್ಷ್ಮಮ್ಮನ ನಾಲಿಗೆ ತುದಿಗೆ ಆ ಹುಡುಗಿಯ ಹೆಸರು ಬಂತು. ಎರಡೇ ಎರಡು ಅಕ್ಷರ, ಅಂದುಬಿಟ್ಟರೆ ಮುಗಿಯಿತು. ಅವಳು ಬಾಗಿಲ ಕಡೆ ತಿರುಗಿ ಮಗಳನ್ನು ಕೂಗಿದಳು.

ಭಾನುಪ್ರಿಯ ಬಂದು ಹೊಸಿಲಲ್ಲೇ ನಿಂತಳು. ಒಳಗಿನ ಮುಖಗಳನ್ನು ಕಂಡು ವಾಪಸು ತಿರುಗುವುದರಲ್ಲಿದ್ದಳು.

"ಒಸಿ ನಿಂತ್ಕ ಮಗಾ," ಎಂದಳು ಚಿಕ್ಕಲಕ್ಷ್ಮಮ್ಮ. "ಆ ಫೋಟ ನಿನ್ನ ಆಡ್ಕಳಕ್ಕೆ ಮಾಡಿದ್ದು ಅಂತ ನಂಗೆ ಗೊತ್ತಿರ್ನಿಲ್ಲ. ಮಾಡಿದೋರು ಯಾರಾರ ಆಗ್ಲಿ, ಊರಿಗೆಲ್ಲ ತೋರ್ಸಿದೋಳು ನಾನು. ತಪ್ಪಾಯ್ತು ಕಣವ್ವ."

ಹೆತ್ತವರು ಮಕ್ಕಳಲ್ಲಿ ತಪ್ಪಾಯಿತು ಅನ್ನುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಂಬುಜಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಅಖ್ತರಿ, ಹಾಗಾದರೆ ತನ್ನದೂ ತಪ್ಪಾಯಿತು ಎಂದು ಮೆಲ್ಲಗೆ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಾಡಿದ್ದು ನಾನು," ಎಂದಳು ಶ್ವೇತ.

ಅಂಬುಜಮ್ಮ ಮಗಳಿಗೆ ಬಾರಿಸಲು ಕೈ ಎತ್ತಿದವಳು ಹಾಗೇ ನಿಂತಳು. ಆ ಕೈತುಂಬ ಹುಳವಿತ್ತು. ಶ್ವೇತ ಅಳುತ್ತಲೇ ಹೇಳಿದಳು. ನಗುವುದಕ್ಕೆಂದು ಇಬ್ಬರಿಗೆ ಮಾತ್ರ ಕಳಿಸಿದ್ದಳಂತೆ. ಮಾರನೆಯ ದಿನ ಗುರುತಿಲ್ಲದವರು ಅದನ್ನು ತನಗೇ ಕಳಿಸಿದಾಗ ಹೆದರಿ ಸುಮ್ಮನಾದಳಂತೆ. ಸುಳ್ಳೆನಿಸಲಿಲ್ಲ. ನಿಜವಾದ ಮಾತ್ರಕ್ಕೆ ಚಿಕ್ಕಲಕ್ಷ್ಮಮ್ಮನ ಸಿಟ್ಟೇನೂ ಇಳಿಯಲಿಲ್ಲ.

ಭಾನುಪ್ರಿಯ ಹೊರಗೆ ಹೋಗಿ ಕೈಕಾಲು ತೊಳೆದು ಬಂದಳು. ಒಂದು ತಟ್ಟೆ ಎಳೆದುಕೊಂಡು ಹುಳ ಆರಿಸತೊಡಗಿದಳು. ಶ್ವೇತ ಅವಳ ಪಕ್ಕಕ್ಕೆ ಬರಲು ಧೈರ್ಯ ಸಾಲದೆ ಎದುರಿಗೇ ಕೂತಳು.

"ನಾಳೆ ಕಾಲೇಜಿಗೆ ಬಾರೆ," ಎಂದಳು ಶ್ವೇತ. "ಬಸ್ಸಲ್ಲಿ ನಿಂಗೆ ಸೀಟ್ ಹಿಡ್ದಿರ್ತೀನಿ."

ಭಾನುಪ್ರಿಯ ಹಿಡಿದಿದ್ದ ಹುಳವನ್ನು ಚಂದ್ರಿಕೆಯ ಮೇಲೆ ಮೆಲ್ಲಗೆ ಬಿಟ್ಟಳು.

"ಬತ್ತೀನಿ. ಸೀಟ್ ಹಿಡೀಬ್ಯಾಡ. ನಿಂತ್ಕಂಡೇ ಬತ್ತೀನಿ."

ಮೊದಲ ಮಾತಿಗೆ ಚಿಕ್ಕಲಕ್ಷ್ಮಮ್ಮನಿಗೆ ಹೋದ ಜೀವ ಬಂದಂತಾಯಿತು. ಉಳಿದ ಮಾತಿಗೆ ಶ್ವೇತ ತಲೆ ತಗ್ಗಿಸಿದಳು. ಇಬ್ಬರನ್ನೂ ರಾಜಿ ಮಾಡಿಸಲು ಅಲ್ಲಿದ್ದ ಯಾರೂ ಬಾಯಿ ಹಾಕಲಿಲ್ಲ.