ಟೈಲರಣ್ಣನಿಗೆ ಕಾಣದ ಲಿಂಕ್

ಟೈಲರಣ್ಣ ಬೆಳಿಗ್ಗೆಯಿಂದ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದ. ಅಮ್ಮನ ಮಂಡಿ ಆಪರೇಷನ್ನಿನ ದಿನವನ್ನು ಸಂಜೆ ಐದರೊಳಗೆ ಆಸ್ಪತ್ರೆಯ ವೆಬ್‌ಪುಟದಲ್ಲಿ ಖಚಿತಪಡಿಸಬೇಕಿತ್ತು. ತಪ್ಪಿದರೆ ಸರದಿ ಬೇರೆಯವರಿಗೆ. ಪಾಪ, ಅಮ್ಮ ಅಂಗಡಿಯ ಮೇಲಿನ ಮಹಡಿಮನೆಯ ಮೆಟ್ಟಿಲನ್ನು ಕೂತುಕೊಂಡೇ ಒಂದೊಂದಾಗಿ ಇಳಿಯುತ್ತಿದ್ದಳು.

ನಾಲ್ಕೂವರೆಗೆ ತಂಗಿ ಅಂಗಡಿಗೆ ಬಂದಳು. ಆ ವೆಬ್‌ಪುಟ ಮಾಡಿಕೊಟ್ಟವಳೇ ಅವಳು.

“ಏನಣ್ಣಾ, ಇನ್ನೂ ಒತ್ತಿಲ್ವಾ?”

“ಎಲ್ಲಿ ಅಂತ ಒತ್ತಲಿ? ಮೂರು ಸಲ ಓದ್ದೆ. ಲಿಂಕೇ ಇಲ್ಲ.”

“ಕೆಂಪಗೆ ಕಣ್ಣಿಗೆ ರಾಚೋ ಹಾಗೆ ಹಾಕಿದ್ದೀನಲ್ಲ! ಓದೋಕೆ ಸೋಮಾರಿತನ ನಿಂಗೆ.”

ಅಣ್ಣ ಮತ್ತೆ ಮೊಬೈಲನ್ನು ಮೂಗಿಗೆ ತಾಗಿಸಿದ. ಗುಂಡಿ ಹೊಲಿಯುತ್ತಿದ್ದ ಅತ್ತಿಗೆಗೆ ಮಾತ್ರ ರೇಗಿತು. ಎರಡು ದಾರದ ರೀಲು ತಂದು ನಾದಿನಿಯ ಮುಂದಿಟ್ಟಳು. ಒಂದು ಕಪ್ಪು, ಇನ್ನೊಂದು ಕಡುಗೆಂಪು. ಕೆಂಪು ರೀಲಿಗೆ ಒಂದು ನೂಲಿನ ಗಂಟು ಕಟ್ಟಿತ್ತು.

“ಈ ಗಂಟು ಯಾಕೆ ಗೊತ್ತಾ? ನಿಮ್ಮಣ್ಣನಿಗೆ ಇವೆರಡೂ ಒಂದೇ ಥರ ಕಾಣತ್ತೆ. ಮದುವೆಯಾದ ಹೊಸದ್ರಲ್ಲಿ ಕರಿ ಕೋಟಿಗೆ ಕೆಂಪು ದಾರದಲ್ಲಿ ಗುಂಡಿ ಹಾಕೋ ಕಾಜಾ ಹೊಲಿದು, ಗಿರಾಕಿ ಹತ್ರ ಚೆನ್ನಾಗಿ ಉಗಿಸ್ಕೊಂಡ್ರು. ಅವತ್ತಿಂದ ಗಂಟು ಕಟ್ಟೋ ಕೆಲಸ ನಂದು.”

“ಅಯ್ಯೋ ಅಣ್ಣಾ, ನಂಗೆ ಹೇಳಲೇ ಇಲ್ವಲ್ಲ!”

“ಟೈಲರಿಗೆ ಬಣ್ಣ ಗೊತ್ತಾಗಲ್ಲ ಅಂತ ಡಂಗುರ ಹೊಡೀಲಾ?”

ತಂಗಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಆದರೂ ಪಟ್ಟು ಬಿಡಲಿಲ್ಲ. “ಅಣ್ಣ ಒಬ್ಬನಿಗೋಸ್ಕರ ಇಡೀ ಪುಟ ಬದಲಾಯಿಸೋಕಾಗುತ್ತಾ ಅತ್ತಿಗೆ?”

“ಒಬ್ರಲ್ಲ ಕಣೇ. ತುಂಬಾ ಗಂಡಸರಿಗೆ ಹೀಗಿರುತ್ತೆ, ಕೆಲವು ಹೆಂಗಸರಿಗೂ ಇರುತ್ತೆ ಅಂತ ಕಣ್ಣಿನ ಡಾಕ್ಟರೇ ಹೇಳಿದ್ರು. ಹೇಳ್ಕೊಳ್ಳಲ್ಲ, ಅಷ್ಟೆ. ನಿನ್ನ ಕೆಂಪು ಇರಲಿ, ಬೇಡ ಅಂದೋರ್ಯಾರು? ಲಿಂಕಿನ ಕೆಳಗೆ ಒಂದು ಗೆರೆ ಎಳಿ, ಸಾಕು. ನನ್ನ ಗಂಟಿನ ಥರ.”

ತಂಗಿ ಮೇಜಿನ ಮೇಲಿನ ಕತ್ತರಿ ಸರಿಸಿ ಅಲ್ಲೇ ಲ್ಯಾಪ್‌ಟಾಪ್ ತೆರೆದಳು. ಐದಕ್ಕೆ ಹತ್ತು ನಿಮಿಷವಿರುವಾಗ ಅಣ್ಣ ಪುಟವನ್ನು ಮತ್ತೆ ತೆರೆದ.

“ಓಹೋ, ಇಲ್ಲಿದ್ಯಾ ನೀನು!” ಎಂದು ಒತ್ತಿಯೇಬಿಟ್ಟ. ದಿನ ಖಚಿತವಾಯಿತು. “ಅಮ್ಮಾ, ಆಯ್ತಮ್ಮಾ!” ಎಂದು ಮಹಡಿಗೆ ಕೇಳುವಂತೆ ಕೂಗಿದ.

ನೀವು ವೆಬ್‌ಪುಟ ಮಾಡುವವರೇ? ಮಾಡಿಸುವವರೇ? ಲಿಂಕ್ ತೋರಿಸಲು ಬಣ್ಣವೊಂದನ್ನೇ ನೆಚ್ಚಬೇಡಿ, ಕೆಳಗೆ ಗೆರೆ ಎಳೆಯಿರಿ. ಪುಟವನ್ನು ಒಮ್ಮೆ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ಆಗಲೂ ಲಿಂಕ್ ಎಲ್ಲಿದೆಯೆಂದು ಗೊತ್ತಾಗಬೇಕು. ಈ ಕೆಲಸವನ್ನು ಇವತ್ತೇ ಮಾಡಿ. ಯಾರದೋ ಅಮ್ಮ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಾರೆ.