ನಡುಹೊಳೆಯ ಕೂಗು

ನಮಗೂ ಅಮೆರಿಕಕ್ಕೂ ನಡುವೆ ಇದ್ದದ್ದು ಒಂದು ಹೊಳೆ. ಆಚೆ ದಡದಲ್ಲಿ ಮೇನ್ ಸೀಮೆಯ ಹಾರ್ಲೋ. ಈಚೆ ದಡದಲ್ಲಿ ಕೆನಡಾದ ಪೆನ್‌ರೋ. ಅವರ ಚರ್ಚಿನ ಗಂಟೆ ನಮಗೆ ಕೇಳುತ್ತಿತ್ತು, ನಮ್ಮ ಮರ ಕೊಯ್ಯುವ ಮಿಲ್ಲಿನ ಸಿಳ್ಳು ಅವರಿಗೆ. ಹೊಳೆ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯಲ್ಲಿ ತೂತು ಕೊರೆದು, ದಾರಿಯ ಗುರುತಿಗೆ ಸ್ಪ್ರೂಸ್ ಮರದ ಎಳೆಯ ಸಸಿಗಳನ್ನು ನೆಡುವುದು ಎರಡೂ ಊರಿನ ವಾಡಿಕೆ. ಅವರ ದಡದಿಂದ ಅವರು, ನಮ್ಮ ದಡದಿಂದ ನಾವು. ಎರಡು ಸಾಲೂ ನಡುಹೊಳೆಯಲ್ಲಿ ಕೂಡಬೇಕು. ಹಿಮ ಸುರಿದು ಮುಂದಿನದೇನೂ ಕಾಣದಾದಾಗ ಜನ ಒಂದು ಸಸಿಯಿಂದ ಇನ್ನೊಂದಕ್ಕೆ ತಡವಿಕೊಂಡು ದಡ ಸೇರುತ್ತಿದ್ದರು.

ಹಿಂದಿನ ಚಳಿಗಾಲದಲ್ಲಿ ಆ ಸಾಲುಗಳು ಕೂಡಿರಲಿಲ್ಲ. ನಮ್ಮವರು ನಡುವಿಗೆ ತುಸು ಮೊದಲೇ ನಿಲ್ಲಿಸಿದ್ದರು. ನಡುಹೊಳೆಯ ಗಡಿ ದಾಟಿ ನೆಟ್ಟರೆ ಅಮೆರಿಕದವರು ಏನೆಂದುಕೊಂಡಾರೋ ಎಂಬ ಸಂಕೋಚ ಒಂದು. ಎಲ್ಲವನ್ನೂ ತಾವೇ ಮಾಡಬೇಕೆನ್ನುವ ಜನ, ಉಳಿದದ್ದನ್ನೂ ಅವರೇ ನೆಟ್ಟುಕೊಳ್ಳುತ್ತಾರೆ ಎಂಬ ಎಣಿಕೆ ಇನ್ನೊಂದು. ಆಚೆಯವರೂ ಮೊದಲೇ ನಿಲ್ಲಿಸಿದ್ದರು. ಕೆನಡಾದವರು ಅತಿ ಎಚ್ಚರಿಕೆಯ ಜನ, ಒಂದು ಸಸಿ ಕಡಿಮೆಯಾದರೂ ಅವರಿಗೆ ನಿದ್ದೆ ಹತ್ತುವುದಿಲ್ಲ, ಮುಗಿಸಿಯೇ ಇರುತ್ತಾರೆ ಎಂದು ಅವರ ನಂಬಿಕೆ. ನೀರಿನ ಸೆಳೆತಕ್ಕೆ ಮಂಜುಗಡ್ಡೆ ತೆಳುವಾಗುವ ಜಾಗವೇ ಹೀಗೆ ಬರಿದಾಗಿ ಉಳಿಯಿತು. ಶನಿವಾರದ ಇಸ್ಪೀಟಿಗೆಂದು ಹಾರ್ಲೋಗೆ ಹೊರಟ ಲೋರ್ನ್ ಕೋಲ್ಪಿಟ್ಸ್ ಅಲ್ಲಿ ದಾರಿ ತಪ್ಪಿ ಹೊಳೆಯ ಪಾಲಾದ. ಹೆಣ ಸಿಗಲಿಲ್ಲ.

ಊರೂರು ಅಲೆದು ಇಲ್ಲಿಗೆ ಬಂದು ನೆಲೆಸಿದ ನಾನು ಆತನ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಂದು ಸಂಜೆ ಹೊಳೆಯ ಕಡೆಯಿಂದ ಒಂದು ಕೂಗು ಬಂದಿತ್ತು. ಸೌದೆ ತರಲು ಹೊರಗೆ ಹೋಗಿದ್ದ ಆತನ ಹೆಂಡತಿ ಥಿರ್ಜಾ ಅದನ್ನು ಕೇಳಿ, "ಏನು ಗಂಟಲಪ್ಪ ಆ ಅಮೆರಿಕದವರಿಗೆ!" ಎಂದು ನಗುತ್ತಾ ಒಳಗೆ ಬಂದು ಬಾಗಿಲು ಹಾಕಿದ್ದಳು.

ಈ ಚಳಿಗಾಲ ಹೊಳೆ ಗಟ್ಟಿಯಾದಂತೆ ಆ ಕೂಗು ಮರಳಿ ಬಂತು. ಮಬ್ಬು ಕವಿದ ಸಂಜೆಗಳಲ್ಲಿ ಮಾತ್ರ. ವಿಲ್ಮಟ್‌ನ ದಿನಸಿ ಅಂಗಡಿಯಲ್ಲಿ ಒಲೆಯ ಸುತ್ತ ಕೂತವರಿಗೆ ಅದೇ ಮಾತು.

"ಅಮೆರಿಕದವನ ದೆವ್ವ ಕಣ್ರೋ ಅದು," ಎಂದ ವಿಲ್ಮಟ್. "ಸತ್ತಮೇಲೂ ಗಂಟಲು ತಗ್ಗಿಲ್ಲ ನೋಡಿ. ನಮ್ಮೋನಾಗಿದ್ರೆ ಒಂದ್ಸಲ ಕೆಮ್ಮಿ ಸುಮ್ನಾಗ್ತಿದ್ದ."

"ಅವರ ಕಡೆಯವರ್ಯಾರೂ ಮುಳುಗಿಲ್ವಲ್ಲ, ವಿಲ್ಮಟ್?" ಎಂದಳು ಥಿರ್ಜಾ, ಚಹಾಪುಡಿಯ ಪೊಟ್ಟಣ ಹಿಡಿದುಕೊಂಡು.

"ಯಾವ ಕಾಲದಲ್ಲೋ ಮುಳುಗಿರ್ತಾನೆ ಬಿಡಮ್ಮ. ನಿನ್ನ ಗಂಡ ಕೂಗೋ ಆಳೇ? ಅವನು ಮನೆಗೆ ಬೆಂಕಿ ಬಿದ್ರೂ 'ಬಿಡುವಾಗಿದ್ದೀರಾ?' ಅಂತ ಕೇಳಿ ಬಾಗಿಲು ತಟ್ಟೋನು."

ಎಲ್ಲರೂ ನಕ್ಕರು. ಆಕೆಯನ್ನು ಸಮಾಧಾನಪಡಿಸಲೆಂದೇ ಹೇಳಿದ ಮಾತದು. ಆದರೆ ಆಕೆಗೆ ಬೇಕಾಗಿದ್ದದ್ದು ಸಮಾಧಾನವಲ್ಲ. ಆ ದನಿ ಲೋರ್ನ್‌ನದೇ ಆಗಿದ್ದರೆ ಆತ ಇನ್ನೂ ಕರೆಯುತ್ತಲೇ ಇದ್ದಾನೆ, ಇನ್ನೂ ಯಾರೂ ಓಗೊಟ್ಟಿಲ್ಲ. ಅದನ್ನು ತಿಳಿಯದೆ ಆಕೆಗೆ ಅನ್ನ ಸೇರುತ್ತಿರಲಿಲ್ಲ.

ಸಸಿ ನೆಡುವ ದಿನ ಆಕೆ ತಾನೇ ಜಾರುಬಂಡಿಗೆ ಸ್ಪ್ರೂಸ್ ಹೇರಿದಳು. "ಈ ಸಲ ನಡುವಿನವರೆಗೂ ನಾನೇ ನೆಡ್ತೀನಿ. ಯಾರಿಗೆ ಬೇಜಾರಾದ್ರೂ ಆಗ್ಲಿ. ಹಾರೆ ತಗೊಂಡು ಬಾರಪ್ಪ."

ನಾವು ನಡುಹೊಳೆ ತಲುಪುವಷ್ಟರಲ್ಲಿ ಮಬ್ಬು ಇಳಿದಿತ್ತು. ಎದುರಿನಿಂದ ಭಾರಿ ಆಳೊಬ್ಬ ಸಸಿ ಎಳೆಯುತ್ತಾ ಬಂದ. ಹಾರ್ಲೋದಲ್ಲಿ ಇಸ್ಪೀಟು ಕೂಡಿಸುತ್ತಿದ್ದ ಆಲ್ಡನ್ ಫರ್ಬುಷ್.

"ಓಹೋ, ಕೆನಡಾ! ಗಡಿವರೆಗೂ ಬಂದ್ಬಿಟ್ರಾ? ನಿಮ್ಮ ರಾಜರ ಅಪ್ಪಣೆ ಆಯ್ತಾ?" ಎಂದು ಅಬ್ಬರಿಸಿದವನು ಥಿರ್ಜಾಳ ಮುಖ ಕಂಡು ಟೋಪಿ ತೆಗೆದ. ದನಿ ತಗ್ಗಿಸಿ, "ನೀವ್ಯಾಕೆ ಬಂದ್ರಿ ತಾಯಿ? ಈ ಜಾಗ ಸರಿಯಿಲ್ಲ. ನಿಮ್ಮ ಕಡೆಯ ದೆವ್ವವೊಂದು ಇಲ್ಲೇ ಸುತ್ತುತ್ತೆ," ಎಂದ.

"ನಮ್ಮ ಕಡೇದು ಅಂತ ಹೇಗೆ ಗೊತ್ತು?"

"ಬಂದಾಗಲೆಲ್ಲ 'ತಪ್ಪಾಯ್ತು, ತಪ್ಪಾಯ್ತು' ಅಂತಿರುತ್ತೆ. ನಮ್ಮ ದೆವ್ವ ತಪ್ಪೊಪ್ಪಿಕೊಳ್ಳುತ್ತಾ? ನಷ್ಟ ತುಂಬಿಕೊಡಿ ಅನ್ನುತ್ತೆ."

ಥಿರ್ಜಾಳ ಕೈಯಿಂದ ಸಸಿ ಜಾರಿತು. "ಕೂಗಲ್ವಾ ಅದು? ನಮಗೆ ಬರೀ ಕೂಗೇ ಕೇಳೋದು."

"ಕೂಗಿರಬಹುದು. ನಮ್ಮೂರಲ್ಲಿ ಕೂಗನ್ನ ಯಾರು ಗಮನಿಸ್ತಾರೆ ತಾಯಿ? ಎಲ್ಲರೂ ಕೂಗ್ತಾನೇ ಇರ್ತಾರೆ."

ನಮ್ಮೂರಿನ ಕಥೆಯೂ ಅಷ್ಟೇ. ಭುಜ ತಗುಲಿದರೆ ತಪ್ಪಾಯ್ತು, ಬಾಗಿಲು ತೆರೆದರೆ ತಪ್ಪಾಯ್ತು; ದಿನಕ್ಕೆ ನೂರು ಸಲ ಬೀಳುವ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದೇ ದನಿಯ ಅರ್ಧವನ್ನು ಆ ದಡ, ಅರ್ಧವನ್ನು ಈ ದಡ ಕೇಳಿಸಿಕೊಂಡಿತ್ತು.

ಅಷ್ಟರಲ್ಲಿ ಅದು ಬಂತು. ಸಸಿಯಿಲ್ಲದ ಬಿಳಿಯ ಬಯಲಿನಿಂದ, ನಮ್ಮ ಕಾಲ ಮಟ್ಟದಿಂದ, ಎದೆ ಬಿರಿಯುವಂಥ ಒಂದು ಕೂಗು. ಆಲ್ಡನ್ ಹಿಂದೆ ಸರಿದ. ಕೂಗು ಅಡಗಿದ ಮೇಲೆ, ಪಕ್ಕದ ಕುರ್ಚಿಯಲ್ಲಿ ಕೂತವರು ನುಡಿದಷ್ಟು ಮೆಲ್ಲಗೆ, "ತಪ್ಪಾಯ್ತು... ಕೂಗಿಬಿಟ್ಟೆ..."

ಥಿರ್ಜಾ ಮಂಡಿಯೂರಿ ಹಿಮಕ್ಕೆ ಕಿವಿಗೊಟ್ಟಳು. "ಅವನೇ. ಹಿಂದೆ ಒಂದ್ಸಲ ಕಾಲಮೇಲೆ ದಿಮ್ಮಿ ಉರುಳಿದಾಗ ಕೂಗಿದ್ದ. ಆಮೇಲೆ ಮೂಳೆ ಕೂಡಿಸೋವರೆಗೂ, ಕೂಗಿದ್ದಕ್ಕೆ ತಪ್ಪಾಯ್ತು ತಪ್ಪಾಯ್ತು ಅಂತಿದ್ದ."

ಆಮೇಲೆ ಆಕೆ ಎದ್ದು ನಿಂತಳು. ಚರ್ಚಿನಲ್ಲಿ ಹಾಡುವಾಗಲೂ ಬಾಯಷ್ಟೇ ಆಡಿಸುತ್ತಿದ್ದ ಹೆಂಗಸು ಎರಡು ದೇಶಕ್ಕೂ ಕೇಳುವಂತೆ ಕೂಗಿದಳು: "ಲೋರ್ನ್! ಕೇಳಿಸ್ತು ಕಣೋ! ಆವತ್ತೂ ಕೇಳಿಸಿತ್ತು!"

ಆಲ್ಡನ್ ನನ್ನ ಕೈಯಿಂದ ಹಾರೆ ತೆಗೆದುಕೊಂಡು ಕೊರೆಯತೊಡಗಿದ. ಒಂದೊಂದು ಹೆಜ್ಜೆಗೂ ಮಂಜುಗಡ್ಡೆಯನ್ನು ಕುಟ್ಟಿ ನೋಡುತ್ತಾ ಮೂವರೂ ಸೇರಿ ಆ ಬರಿದಾದ ಜಾಗವನ್ನು ತುಂಬಿದೆವು.

ಮರಳಿ ಅಂಗಡಿಗೆ ಬಂದಾಗ ವಿಲ್ಮಟ್ ನಗುತ್ತಿದ್ದ. "ಕೇಳಿದ್ರಾ? ಈಗ ದೆವ್ವಕ್ಕೆ ಜೋಡಿ ಸಿಕ್ಕಿದೆ. ಅಮೆರಿಕದ ಹೆಂಗಸೊಬ್ಳು ಏನು ಕಿರುಚಿದ್ಲಪ್ಪ!"

"ಕಿರುಚಿದ್ದು ನಾನು," ಎಂದಳು ಥಿರ್ಜಾ.

ಆಕೆ ಬಂದು ಒಲೆಯ ಬಳಿ ಕೂತಳು.

"ಹೋದ ವರ್ಷ ಕೂಗಿದ್ದೂ ನನ್ನ ಗಂಡನೇ. ನೀವೆಲ್ಲ ಕೇಳಿಸ್ಕೊಂಡ್ರಿ. ನಾನೂ ಕೇಳಿಸ್ಕೊಂಡೆ. ಅಮೆರಿಕದವನು ಅಂದ್ಕೊಂಡು ಬಾಗಿಲು ಹಾಕಿದೆ. ಅಮೆರಿಕದವನೇ ಆಗಿದ್ರೂ ಹೋಗಬೇಕಿತ್ತು."

ಅಷ್ಟರಲ್ಲೇ ಹೊಳೆಯ ಕಡೆಯಿಂದ ಮತ್ತೆ ಆ ಕೂಗು ಬಂತು.

ವಿಲ್ಮಟ್ ಗೂಟದಿಂದ ಕೋಟು ತೆಗೆದ. ಲಾಟೀನು ಹಚ್ಚಿದ. ಉಳಿದವರೂ ಎದ್ದರು. ನಾನು ಥಿರ್ಜಾಳಿಗೆ ಕೈ ನೀಡಿದೆ. ಆಕೆ ಒಲೆಯ ಬಳಿ ಕೂತೇ ಇದ್ದಳು.

"ನೀವು ಹೋಗಿ. ನನ್ನ ದನಿ ಅವನಿಗೆ ಕೇಳಿಸಿದೆ. ಇನ್ನು ನಿಮ್ಮದು ಕೇಳಿಸಬೇಕು."

ಹೊರಡುವಾಗ ವಿಲ್ಮಟ್‌ನ ತೋಳು ಆಕೆಯ ಭುಜಕ್ಕೆ ತಗುಲಿತು. "ತಪ್ಪಾಯ್ತಮ್ಮ," ಎಂದ, ಎಂದಿನಂತೆ. ಎರಡು ಹೆಜ್ಜೆ ಇಟ್ಟವನು ತನ್ನ ಬಾಯಿಂದ ಬಂದ ಮಾತನ್ನು ತಾನೇ ಆಗಷ್ಟೇ ಕೇಳಿದವನಂತೆ ಹೊಸ್ತಿಲಲ್ಲಿ ನಿಂತುಬಿಟ್ಟ.

ಹೊಳೆಯಾಚೆ, ಹಾರ್ಲೋದ ದಡದಲ್ಲಿ, ಒಂದು ಲಾಟೀನು ಆಗಲೇ ಸಸಿಯಿಂದ ಸಸಿಗೆ ಇಳಿದು ಬರುತ್ತಿತ್ತು.