ಅಪ್ಪಣೆ ಕೇಳದ ದಾರಿ

ವಿಲ್ಫ್ ಡಾಸನ್ ತೀರಿಕೊಂಡ ಮರುದಿನವೇ ಅವನ ಹೆಂಡತಿ ಹೆಟ್ಟಿ, ಶವವನ್ನು ಯಾವ ದಾರಿಯಲ್ಲಿ ಚರ್ಚಿಗೆ ಒಯ್ಯಬೇಕೆಂದು ಹೇಳಿಬಿಟ್ಟಳು. ಹೊಲದ ದಾರಿಯಲ್ಲಿ, ಹೆಗಲ ಮೇಲೆ.

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?" ಅಂದ ಅವಳ ಅಣ್ಣ ಸ್ಟ್ಯಾನ್. "ಟಾರು ರಸ್ತೆ ಇದೆ, ಹೇಳಿದ್ರೆ ಕಾರು ಬರುತ್ತೆ. ವಿಲ್ಫ್ ಏನು ಹಗುರ ಆಸಾಮಿನಾ? ನೀನು ಬಡಿಸಿದ ಪುಡಿಂಗೆಲ್ಲಾ ಎಲ್ಲಿಗೆ ಹೋಯ್ತು ಅಂದ್ಕೊಂಡೆ?"

"ನಿನ್ನ ಹೊಟ್ಟೆಗೂ ಹೋಗಿದೆ. ಆ ಋಣ ಈಗ ಹೆಗಲ ಮೇಲೆ ತೀರಿಸು."

ರೇವನ್‌ಬಿಯ ಮನೆಗಳೆಲ್ಲ ಕೆಳಗೆ, ಸಮುದ್ರದ ದಂಡೆಗೆ ಬೆನ್ನು ಕೊಟ್ಟು ನಿಂತಿವೆ. ಚರ್ಚು ಮೇಲೆ, ದಿಬ್ಬದಲ್ಲಿ. ನಡುವೆ ಇರುವುದು ಹೊಲ, ಹೊಲದ ನಡುವೆ ಒಂದು ಕಾಲುದಾರಿ. ಹಿಂದೆ ಹಡಗು ಒಡೆದಾಗಲೆಲ್ಲ ದಡಕ್ಕೆ ಬಂದ ನಾವಿಕರ ಹೆಣಗಳನ್ನು ಊರವರು ಹೊತ್ತೊಯ್ದದ್ದು ಇದೇ ದಾರಿಯಲ್ಲಿ. ಇದನ್ನೆಲ್ಲ ಕೆದಕಿ ತೆಗೆದವನು ವಿಲ್ಫ್. ಮನೆಮನೆಗೆ ಬ್ರೆಡ್ಡು ಹಾಕುತ್ತಿದ್ದ ಮನುಷ್ಯ. ಬ್ರೆಡ್ಡು ಕೊಟ್ಟು ಕಥೆ ಕೇಳಿಕೊಂಡು ಬರುತ್ತಿದ್ದ. ಊಟದ ಮೇಜಿನಲ್ಲಿ ಅವನು ಹಡಗಿನ ಕಥೆ ತೆಗೆದರೆ ಹೆಟ್ಟಿ, "ಆ ನಾವಿಕರು ಸತ್ತಾಯ್ತು, ಸಾರು ಆರೋಕೆ ಮುಂಚೆ ನೀನು ಉಣ್ಣು" ಎಂದು ಗದರುತ್ತಿದ್ದಳು.

ಆ ಹೊಲವನ್ನು ಈಚೆಗೆ ಲಂಡನ್ನಿನ ಫೆಂಟನ್ ಎಂಬುವನು ಕೊಂಡಿದ್ದ. ಕೊಂಡವನೇ ದಾರಿಯ ಬಾಯಿಗೆ ಬಿಳಿ ಗೇಟು ನಿಲ್ಲಿಸಿ, 'ಮಾಲೀಕರ ಅಪ್ಪಣೆಯಿಂದ ಮಾತ್ರ ಪ್ರವೇಶ' ಎಂದು ಹಲಗೆ ತೂಗುಹಾಕಿದ. ಯಾರನ್ನೂ ತಡೆಯಲಿಲ್ಲ, ಬೈಯಲಿಲ್ಲ. ಕಂಡವರಿಗೆಲ್ಲ ನಗುತ್ತ ಕೈಬೀಸುತ್ತಿದ್ದ. ಆದರೂ ವಿಲ್ಫ್ ಜಿಲ್ಲಾ ಕಚೇರಿಗೆ ದೂರು ಕೊಟ್ಟ. ಮುಂದಿನ ತಿಂಗಳು ಅಧಿಕಾರಿಯೊಬ್ಬ ಬಂದು ವಿಚಾರಣೆ ನಡೆಸುವವನಿದ್ದ. ದಾರಿ ಊರಿನದೆಂದು ತೀರ್ಪಾದರೆ ಹಲಗೆ ಇಳಿಯುತ್ತದೆ. ಇಲ್ಲವಾದರೆ ಇವತ್ತಲ್ಲ ನಾಳೆ ಗೇಟಿಗೆ ಬೀಗ ಬೀಳುತ್ತದೆ. ಅಷ್ಟರಲ್ಲಿ ವಿಲ್ಫ್‌ನ ಎದೆ ಕೈಕೊಟ್ಟಿತು.

ಸಂಜೆ ಸ್ಟ್ಯಾನ್ ಬಿಯರಿನ ಅಂಗಡಿಯಿಂದ ಮುಖ ಅರಳಿಸಿಕೊಂಡು ಬಂದ.

"ಗೆದ್ವಿ ಕಣೇ! ಫೆಂಟನ್ ಪಾದ್ರಿಗಳ ಹತ್ರ ಹೇಳಿಕಳ್ಸಿದ್ದಾನೆ. ಜಗಳ ಏನೇ ಇರ್ಲಿ, ಶವ ನನ್ನ ಹೊಲದಲ್ಲೇ ಹೋಗ್ಲಿ, ನನ್ನ ಪೂರ್ತಿ ಒಪ್ಪಿಗೆ ಇದೆ ಅಂತ. ಬಡಪಾಯಿಗೆ ಗೊತ್ತೇ ಇಲ್ಲ! ಹೆಣ ಹೋದ ದಾರಿ ಊರಿನ ದಾರಿ. ಪೆಟ್ಟಿಗೆ ಒಂದ್ಸಲ ದಾಟಿದ್ರೆ ಮುಗೀತು, ಅವನಪ್ಪ ಬಂದ್ರೂ ಮುಚ್ಚೋಕಾಗಲ್ಲ."

ಊರಿಗೆ ಊರೇ ನಂಬಿಕೊಂಡಿದ್ದ ಮಾತು ಅದು. ವಿಲ್ಫ್ ಅದನ್ನು ಕೇಳಿದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದ.

"ಕೂತ್ಕೋ ಸ್ಟ್ಯಾನ್," ಅಂದಳು. "ಕಾನೂನಿಗೆ ಹೆಣ ಗೊತ್ತಿಲ್ಲ. ನೂರು ಪೆಟ್ಟಿಗೆ ಹೊತ್ರೂ ದಾರಿ ನಮ್ಮದಾಗಲ್ಲ. ಜನ ಯಾರನ್ನೂ ಕೇಳದೆ, ಕದ್ದುಮುಚ್ಚಿ ಮಾಡದೆ, ಏನೂ ಮುರೀದೆ, ಇಪ್ಪತ್ತು ವರ್ಷ ನಡೆದ್ರೆ ಮಾತ್ರ ನಮ್ಮದು. ನಾವೆಲ್ಲಾ ಹಾಗೇ ನಡ್ಕೊಂಡು ಬಂದಿದ್ದೀವಿ, ವಿಲ್ಫ್ ಬಡ್ಕೊಂಡಿದ್ದು ಅದನ್ನೇ. ಈಗ ಫೆಂಟನ್ ಕೊಟ್ಟ ಒಪ್ಪಿಗೆ ತಗೊಂಡು ಊರೆಲ್ಲಾ ಸಾಲಾಗಿ ಹೋಗಿ ಥ್ಯಾಂಕ್ಸ್ ಅಂದ್ರೆ ಏನರ್ಥ? ದಾರಿ ನಿಂದೇ ಕಣಪ್ಪಾ ಅಂತ ನಾವೇ ಸಾಕ್ಷಿ ಹೇಳಿದ ಹಾಗೆ. ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಂಡ ಹಾಗೆ."

"ಹಂಗಾದ್ರೆ ಕಾರಲ್ಲೇ ಹೋಗೋಣ."

"ಇಲ್ಲ. ಹೆದರಿ ಸುತ್ತು ಹಾಕಿದ್ರೂ ಬಿಟ್ಟುಕೊಟ್ಟ ಹಾಗೇ. ಹೊಲದಲ್ಲೇ ಹೋಗ್ತೀವಿ. ಆದ್ರೆ ಒಬ್ಬರೂ ಅವನಿಗೆ ಥ್ಯಾಂಕ್ಸ್ ಹೇಳಕೂಡದು. ಎಲ್ಲರಿಗೂ ಹೇಳ್ಬಿಡು."

ಸ್ಟ್ಯಾನ್ ದಂಗಾದ. "ಥ್ಯಾಂಕ್ಸ್ ಹೇಳ್ಬಾರದಾ? ಹೆಟ್ಟಿ, ನಾನು ಕಾಲು ತುಳಿದ ಹಸುಗೂ ಸಾರಿ ಅಂತೀನಿ!"

ಅವನೊಬ್ಬನೇ ಏನು, ಹೆಟ್ಟಿಯೂ ಬಸ್ಸು ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಕಂಡಕ್ಟರನಿಗೆ ಥ್ಯಾಂಕ್ಸ್ ಹೇಳುವ ಹೆಂಗಸು. ಈ ಜನರ ಬಾಯಿಂದ ಆ ಮಾತು ಉಸಿರಿಗಿಂತ ಮುಂಚೆ ಹೊರಬರುತ್ತದೆ. ಫೆಂಟನ್ ಇದನ್ನು ಲೆಕ್ಕ ಹಾಕಿಯೇ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾರಿ ಎಳೆದುಕೊಳ್ಳುತ್ತಿದ್ದಾನೋ, ಅಥವಾ ನಿಜಕ್ಕೂ ಒಳ್ಳೆಯವನೋ, ಅವಳಿಗೆ ತಿಳಿಯಲಿಲ್ಲ. ಒಳ್ಳೆಯವನಾಗಿದ್ದರೆ ಇನ್ನೂ ಕಷ್ಟ.

ಬುಧವಾರ ಸಮುದ್ರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಆರು ಜನ ಪೆಟ್ಟಿಗೆ ಹೊತ್ತರು, ಹಿಂದೆ ಊರು ನಡೆಯಿತು. ಬಿಳಿ ಗೇಟು ಹಾರುಹೊಡೆದಿತ್ತು. ಪಕ್ಕದಲ್ಲಿ ಫೆಂಟನ್ ಕಪ್ಪು ಕೋಟು ತೊಟ್ಟು, ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು, ಗಾಳಿಗೋ ಏನೋ.

"ಬನ್ನಿ ಮಿಸೆಸ್ ಡಾಸನ್," ಅಂದ ಮೆಲ್ಲಗೆ. "ನಿಮ್ಮ ಯಜಮಾನರಿಗೂ ನನಗೂ ಒಮ್ಮತ ಇರಲಿಲ್ಲ, ನಿಜ. ಇವತ್ತು ಅದೆಲ್ಲ ಬೇಡ. ದಯವಿಟ್ಟು ನನ್ನ ಗೇಟಿನಲ್ಲೇ ಹೋಗಿ. ಮನಸಾರೆ ಹೇಳ್ತಿದ್ದೀನಿ."

ಹೆಟ್ಟಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾವು ನಿಮ್ಮನ್ನ ಏನೂ ಕೇಳಿಲ್ಲ, ಮಿಸ್ಟರ್ ಫೆಂಟನ್. ನಮ್ಮ ದಾರೀಲಿ ನಾವು ಹೋಗ್ತಿದ್ದೀವಿ. ಗೇಟು ನಿಮ್ಮದು, ಅದು ನಮಗೆ ಬೇಡ."

ಗೇಟಿನ ಮಗ್ಗುಲಲ್ಲೇ, ತುರಿಕೆ ಗಿಡಗಳ ನಡುವೆ, ಗೇಟು ಬರುವ ಮುಂಚೆ ಊರವರು ಬೇಲಿ ದಾಟುತ್ತಿದ್ದ ಹಳೆಯ ಕಲ್ಲುಮೆಟ್ಟಿಲುಗಳಿದ್ದವು. ಹೆಟ್ಟಿ ಸ್ಕರ್ಟು ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಆಚೆ ಇಳಿದಳು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಟ್ಯಾನ್ ಹಲ್ಲುಕಚ್ಚಿ ಮುಂದೆ ಹೆಜ್ಜೆಯಿಟ್ಟ.

ಮೇಲಿನ ಕಲ್ಲಿನ ಮೇಲೆ ಹಾವಸೆ ಕಟ್ಟಿತ್ತು. ಸ್ಟ್ಯಾನನ ಕಾಲು ಜಾರಿತು. ಪೆಟ್ಟಿಗೆ ವಾಲಿತು, ಯಾರೋ ಚೀರಿದರು. ಫೆಂಟನ್ ಹ್ಯಾಟು ಎಸೆದು ಓಡಿಬಂದು ವಾಲಿದ ಮೂಲೆಗೆ ಹೆಗಲು ಕೊಟ್ಟ. ಮಂಡಿ ಕಲ್ಲಿಗೆ ಬಡಿಯಿತು, ಕೋಟು ಹರಿಯಿತು, ಅವನು ಬಿಡಲಿಲ್ಲ. ಸ್ಟ್ಯಾನ್ ಕಾಲೂರಿಕೊಂಡ. ವಿಲ್ಫ್ ನೆಲಕ್ಕೆ ಬೀಳದೆ ಆಚೆ ದಾಟಿದ.

ಈಗ ಎಲ್ಲರ ಕಣ್ಣೂ ಹೆಟ್ಟಿಯ ಮೇಲೆ. ಸ್ಟ್ಯಾನ್ ಬಾಯಿ ತೆರೆದ. ಅವಳು ದುರುಗುಟ್ಟಿ ನೋಡಿದ ಮೇಲೆ ಮುಚ್ಚಿದ. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು. ಹೇಳಬೇಕೆಂದು ಜೀವ ಹಂಬಲಿಸುತ್ತಿತ್ತು. ಗಂಡನ ಹೆಣ ಬೀಳದಂತೆ ಹಿಡಿದವನಿಗೆ ಒಂದು ಮಾತು ಹೇಳದ ತಾನೆಂಥ ಹೆಂಗಸು ಎಂದು ಅವಳಿಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರು ತುಂಬಿತು. ಮಾತನ್ನು ನುಂಗಿಕೊಂಡಳು.

"ಒಂದು ಮಾತೂ ಇಲ್ಲವೇ, ಮಿಸೆಸ್ ಡಾಸನ್?" ಫೆಂಟನ್ ಕೇಳಿದ. ಅವನ ದನಿಯಲ್ಲಿ ನೋವಿತ್ತು.

"ಇದೆ. ಭಾನುವಾರ ಸಮಾಧಿಗೆ ಹೂ ತರ್ತೀನಿ. ಆಮೇಲಿನ ಭಾನುವಾರನೂ. ನಾನು ಬದುಕಿರೋ ತನಕ, ಇದೇ ದಾರೀಲಿ. ನಿಮ್ಮನ್ನ ಕೇಳಲ್ಲ."

ಅವಳು ತಿರುಗಿ ದಿಬ್ಬದ ಕಡೆ ನಡೆದಳು. ಪೆಟ್ಟಿಗೆ ಅವಳ ಹಿಂದೆ ಬಂತು. ಫೆಂಟನ್ ಹರಿದ ಕೋಟಿನಲ್ಲಿ ತನ್ನ ತೆರೆದ ಗೇಟಿನ ಬಳಿ ನಿಂತೇ ಇದ್ದ. ಅದರೊಳಗಿಂದ ಒಬ್ಬರೂ ಹಾಯಲಿಲ್ಲ. ನಿಲುವಂಗಿ ಎತ್ತಿ ಹಿಡಿದ ಪಾದ್ರಿ, ಕೋಲೂರಿದ ಮುದುಕಿಯರು, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಂದಿರು, ಒಬ್ಬೊಬ್ಬರಾಗಿ ಕಲ್ಲುಮೆಟ್ಟಿಲು ಹತ್ತಿ ಇಳಿದರು, ತುಟಿ ಬಿಗಿಹಿಡಿದು.